ಚಳಿಯ ಸಂಜೆಗೆ ಗಾಢ ಸೆಂಟು

ಶ್ರೀಗಂಧ, ಊದು, ಅಂಬರು, ವೆನಿಲಾ ಬೆರೆತ ಗಾಢ ಸೆಂಟುಗಳು ಹೆಣ್ಣುಮಕ್ಕಳಿಗೆ ಚಳಿಗಾಲದ ಸಂಜೆಯಲ್ಲೇ ಚೆಂದ. ಇವು ನಿಧಾನವಾಗಿ ಆವಿಯಾಗುವ ದ್ರವ್ಯಗಳು. ಶ್ರೀಗಂಧದ ಎಣ್ಣೆಯಂತೂ ಬೇಗ ಹಾರುವ ಹೂವಿನ ವಾಸನೆಯನ್ನೂ ಹಿಡಿದಿಡುತ್ತದೆ.

ತಪ್ಪಾಗುವುದೂ ಇಲ್ಲಿಯೇ. ತುಳಸಿ ಲಗ್ನ ಮುಗಿದು ಕಣಗಲಾ, ಸಂಕೇಶ್ವರ, ಹುಕ್ಕೇರಿ ಕಡೆ ಮದುವೆಗಳು ಶುರುವಾದಾಗ, ಮನೆಯ ತಣ್ಣನೆಯ ಗಾಳಿಯಲ್ಲಿ ವಾಸನೆ ಗೊತ್ತಾಗಲಿಲ್ಲವೆಂದು ಮತ್ತೆ ಮತ್ತೆ ಹೊಡೆದುಕೊಳ್ಳುವುದುಂಟು. ಕಿಟಕಿ ಮುಚ್ಚಿದ ಗಾಡಿಯಲ್ಲಿ, ಜನ ತುಂಬಿದ ಮಂಟಪದಲ್ಲಿ ಮೈ ಬೆಚ್ಚಗಾದಾಗ ಅಷ್ಟೂ ಒಮ್ಮೆಲೇ ಏಳುತ್ತದೆ. ಹಚ್ಚಿಕೊಂಡವರ ಮೂಗು ಅಷ್ಟರಲ್ಲಿ ಒಗ್ಗಿಹೋಗಿರುತ್ತದೆ; ಕಷ್ಟ ಪಕ್ಕದವರಿಗೆ, ಅದರಲ್ಲೂ ದಮ್ಮಿನ ತೊಂದರೆ ಇದ್ದವರಿಗೆ.

ಸ್ಪ್ರೇ ಆದರೆ ಎರಡು ಸಲ, ಅತ್ತರಾದರೆ ಒಂದು ಹನಿ ಸಾಕು. ಅದೂ ಇಳಕಲ್ ಸೀರೆ ಉಡುವ ಮೊದಲೇ. ರೇಷ್ಮೆ ಸೆರಗಿಗೆ ಬಿದ್ದ ಅತ್ತರಿನ ಕಲೆ ಸುಲಭಕ್ಕೆ ಹೋಗದು; ಸೆಂಟು ತಾಗಿದರೆ ಮುತ್ತಿನ ಹೊಳಪೂ ಮಾಸುತ್ತದೆ. ಸ್ಪ್ರೇಯಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲ್, ಆದ್ದರಿಂದ ಒಲೆ, ದೀಪದ ಹತ್ತಿರ ಹೊಡೆಯಲೇಬಾರದು. ಎಳೆಗೂಸನ್ನು ಎತ್ತಿಕೊಳ್ಳುವವರು ಕೊರಳಿಗೆ ಹಚ್ಚದಿರುವುದೇ ಲೇಸು.

ಕೊಳ್ಳುವಾಗಲೂ ಅವಸರ ಬೇಡ. ಅಂಗಡಿಯಲ್ಲಿ ಮೊದಲು ಮೂಗಿಗೆ ಬಡಿಯುವುದು ನಿಂಬೆ, ಕಿತ್ತಳೆಯಂಥ ಬೇಗ ಹಾರುವ ವಾಸನೆ. ಗಂಧ, ಊದಿನ ಅಸಲು ಗುಣ ತಿಳಿಯಲು ಅರ್ಧ ತಾಸಾದರೂ ಬೇಕು. ಮುಂಗೈಗೆ ಹಚ್ಚಿಕೊಂಡು ಬಜಾರದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಚರ್ಮ ಕೆರೆಯದಿದ್ದರೆ, ವಾಸನೆ ಆಗಲೂ ಹಿಡಿಸಿದರೆ ಕೊಳ್ಳಿರಿ.