ಕಣ್ಣು ರಂಗಸ್ಥಳದ ಮೇಲಿರಲಿ

ಮಾಣಿ, ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಮುಂಚೆ ನಿನ್ನ ಹತ್ತಿರ ನಾಲ್ಕು ಮಾತು ಆಡಬೇಕು ಅನ್ನಿಸಿತು. ಲ್ಯಾಪ್‌ಟಾಪ್ ತೆಗೆದುಕೊಂಡೆ, ಯುಎಸ್‌ಬಿಯಿಂದ ಡಿಎಂಎಕ್ಸ್ ಹೊರಡಿಸುವ ಡಬ್ಬಿ ತರಿಸಿದೆ, ಕ್ಯೂಎಲ್‌ಸಿ ಪ್ಲಸ್ ಹಾಕಿಕೊಂಡೆ ಅಂದೆಯಲ್ಲ, ಬಹಳ ಒಳ್ಳೆಯದಾಯಿತು. ಆ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡುತ್ತದೆ, ಎಷ್ಟೋ ಕಂಪನಿಗಳ ದೀಪದ ವಿವರ ಅದರೊಳಗೆ ಮೊದಲೇ ತುಂಬಿದೆ. ನಮ್ಮ ಕಡೆ ಬೆಳಕಿನ ಕೆಲಸ ಶುರುಮಾಡುವ ಹುಡುಗರಿಗೆ ಅದಕ್ಕಿಂತ ಬೇರೆ ಬೇಕಾಗಿಲ್ಲ.

ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೆ. ಪರದೆಯ ಮೇಲಿನ ಕೆಲಸವೆಲ್ಲ ಹಗಲಿನಲ್ಲೇ ಮುಗಿದಿರಬೇಕು. ರಾತ್ರಿ ಚೆಂಡೆಗೆ ಪೆಟ್ಟು ಬಿದ್ದ ಮೇಲೆ ನಿನ್ನ ಕಣ್ಣು ರಂಗಸ್ಥಳದ ಮೇಲಿರಬೇಕು, ಕಿವಿ ಭಾಗವತರ ಕಡೆಗಿರಬೇಕು. ಮೌಸ್ ಹಿಡಿದು ಏನನ್ನೋ ಹುಡುಕುತ್ತಾ ಕೂತವನು ಆಟ ನೋಡುತ್ತಿಲ್ಲ. ಆಟ ನೋಡದವನು ಆಟಕ್ಕೆ ಬೆಳಕು ಕೊಡಲಾರ.

ನಾಟಕದವರ ಫೈಲನ್ನು ನೋಡಿ ಅದೇ ರೀತಿ ಮಾಡಿಕೊಳ್ಳಬೇಡ. ಬೈಂದೂರಿನ ಲಾವಣ್ಯ, ಕುಂದಾಪುರದ ಸಮುದಾಯ ತಂಡದವರು ನಾಟಕ ಆಡುವಾಗ ಕೈಯಲ್ಲಿ ಪಠ್ಯ ಇರುತ್ತದೆ, ತಾಲೀಮು ಆಗಿರುತ್ತದೆ, ಯಾವ ಮಾತಿಗೆ ಯಾವ ಬೆಳಕು ಎಂದು ಬರೆದಿಟ್ಟಿರುತ್ತಾರೆ. ಅಲ್ಲಿ ಕ್ಯೂ ಲಿಸ್ಟ್ ಮಾಡಿ ಒಂದರ ಹಿಂದೊಂದು ಒತ್ತುತ್ತಾ ಹೋದರೆ ಕೆಲಸ ಮುಗಿಯಿತು. ಆಟದಲ್ಲಿ ಪದ್ಯ ಮಾತ್ರ ಬರೆದದ್ದು, ಅರ್ಥ, ಅಂದರೆ ಮಾತು, ವೇಷಧಾರಿಯದ್ದು. ಇವತ್ತು ಮಂದಾರ್ತಿಯ ಹರಕೆ ಬಯಲಾಟದಲ್ಲಿ ಒಂದು ಗಂಟೆ ನಡೆದ ಸಂವಾದ ನಾಳೆ ಕೊಲ್ಲೂರಿನ ಕಡೆ ಇಪ್ಪತ್ತೇ ನಿಮಿಷಕ್ಕೆ ಮುಗಿದೀತು. ಕಾಲಮಿತಿಯ ಆಟವಾದರೆ ಭಾಗವತರು ಕೂತಲ್ಲೇ ಎರಡು ಪದ್ಯ ಬಿಟ್ಟು ಮುಂದೆ ಹೋಗುತ್ತಾರೆ. ಹಾಗಾಗಿ ತಂತ್ರಾಂಶದಲ್ಲಿರುವ ಶೋ ಮ್ಯಾನೇಜರಿನ ಕಾಲಪಟ್ಟಿ ಯಕ್ಷಗಾನಕ್ಕೆ ಹೊಂದುವುದಿಲ್ಲ. ನಿನಗೆ ಬೇಕಾದದ್ದು ವರ್ಚುವಲ್ ಕನ್ಸೋಲ್, ಅದರಲ್ಲಿ ಹತ್ತು ಹನ್ನೆರಡು ದೊಡ್ಡ ಬಟನ್, ಎರಡು ಮೂರು ಸ್ಲೈಡರ್.

ಮೊದಲು ಬುಡ ಗಟ್ಟಿ ಮಾಡಿಕೋ. ಡಿಎಂಎಕ್ಸ್ 512 ಎನ್ನುವ ಪದ್ಧತಿ 1986ರಲ್ಲಿ ಅಮೆರಿಕದ ರಂಗತಂತ್ರಜ್ಞರು ಮಾಡಿಕೊಂಡದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಒಂದು ತಂತಿಯಲ್ಲಿ 512 ಚಾನೆಲ್, ಪ್ರತಿ ಚಾನೆಲಿಗೆ 0ಯಿಂದ 255ರವರೆಗಿನ ಒಂದು ಬೆಲೆ. ಎಂಟು ಚಾನೆಲಿನ ಎಲ್‌ಇಡಿ ಪಾರ್ ದೀಪಗಳಾದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 9, ಮೂರನೆಯದಕ್ಕೆ 17, ಆಮೇಲೆ 25. ಈ ಸಂಖ್ಯೆ ದೀಪದ ಹಿಂದಿನ ಪುಟ್ಟ ಪರದೆಯಲ್ಲೂ ಇರಬೇಕು, ನಿನ್ನ ಫೈಲಿನಲ್ಲೂ ಇರಬೇಕು, ಎರಡೂ ಒಂದೇ ಆಗಿರಬೇಕು. ಸಂಖ್ಯೆಯಷ್ಟೇ ಮೋಡ್ ಕೂಡ ಮುಖ್ಯ. ಒಂದೇ ದೀಪ ನಾಲ್ಕು ಚಾನೆಲಿನ ಮೋಡಿನಲ್ಲೂ ಎಂಟರ ಮೋಡಿನಲ್ಲೂ ಓಡುತ್ತದೆ. ಫೈಲಿನಲ್ಲಿ ಎಂಟು ಎಂದಿದ್ದು ದೀಪದಲ್ಲಿ ನಾಲ್ಕು ಎಂದಿದ್ದರೆ, ನೀನು ಬೆಳಕು ಏರಿಸಲು ಕಳಿಸಿದ ಬೆಲೆ ಅಲ್ಲಿ ಕೆಂಪಿಗೆ ಹೋಗಿ ಬೀಳುತ್ತದೆ. ದೀಪ ಕೆಟ್ಟಿತು ಎಂದು ಏಣಿ ಹತ್ತಿ ಬಿಚ್ಚುವ ಮುಂಚೆ ಮೋಡ್ ನೋಡು. ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ ಇರುತ್ತದೆ.

ನಮ್ಮ ಪೇಟೆಯಲ್ಲಿ ಸಿಗುವ ಅಗ್ಗದ ದೀಪಗಳಿಗೆ ಎಷ್ಟೋ ಸಲ ಹೆಸರೇ ಇರುವುದಿಲ್ಲ, ತಂತ್ರಾಂಶದ ಪಟ್ಟಿಯಲ್ಲೂ ಅವು ಇಲ್ಲ. ಆಗ ಫಿಕ್ಸ್‌ಚರ್ ಎಡಿಟರಿನಲ್ಲಿ ನೀನೇ ವಿವರ ಬರೆದುಕೊಳ್ಳಬೇಕು: ಮೊದಲ ಚಾನೆಲ್ ಡಿಮ್ಮರ್, ಎರಡನೆಯದು ಕೆಂಪು, ಹೀಗೆ ಒಂದೊಂದನ್ನೂ ಏರಿಸಿ ಇಳಿಸಿ ನೋಡಿ. ಇಲ್ಲಿ ಹುಡುಗರು ಮರೆಯುವ ಒಂದು ಸಂಗತಿ ಇದೆ. ಹಾಗೆ ಬರೆದ ವಿವರ ನಿನ್ನ ಪ್ರಾಜೆಕ್ಟ್ ಫೈಲಿನ ಒಳಗೆ ಕೂರುವುದಿಲ್ಲ. ಪ್ರಾಜೆಕ್ಟಿನದ್ದು ಕ್ಯೂಎಕ್ಸ್‌ಡಬ್ಲ್ಯೂ ಎಂದು ಕೊನೆಗೊಳ್ಳುವ ಫೈಲು, ದೀಪದ್ದು ಕ್ಯೂಎಕ್ಸ್‌ಎಫ್ ಎಂದು ಕೊನೆಗೊಳ್ಳುವ ಬೇರೆಯೇ ಫೈಲು. ಮೊದಲನೆಯದನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ತಂತ್ರಾಂಶಕ್ಕೆ ದೀಪದ ಗುರುತು ಸಿಗದು, ಎಲ್ಲವನ್ನೂ ಬರೀ ಡಿಮ್ಮರ್ ಎಂದುಕೊಳ್ಳುತ್ತದೆ. ಸೀನುಗಳೆಲ್ಲ ಇದ್ದಂತೆ ಕಾಣುತ್ತವೆ, ಬಣ್ಣ ಆರಿಸಲು ಹೋದಾಗ ಗೊತ್ತಾಗುತ್ತದೆ. ಆದ್ದರಿಂದ ಎರಡೂ ಒಂದೇ ಫೋಲ್ಡರಿನಲ್ಲಿರಲಿ. ಗುಡುಗು, ಶಂಖ ಅಂತ ಧ್ವನಿಯ ಫೈಲು ಸೇರಿಸಿದ್ದರೆ ಅವೂ ಅಲ್ಲೇ ಇರಲಿ. ತಂತ್ರಾಂಶದ ಯಾವ ಆವೃತ್ತಿಯಲ್ಲಿ ಮಾಡಿದೆಯೋ ಆ ಆವೃತ್ತಿಯನ್ನೂ ಜೊತೆಗಿಡು. ಹೊಸದರಲ್ಲಿ ಉಳಿಸಿದ್ದು ಹಳೆಯದರಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆ ಎಂಬ ಭರವಸೆ ಬೇಡ. ಫೈಲಿನ ಹೆಸರಿನಲ್ಲಿ ಮೇಳ, ಪ್ರಸಂಗ, ಆಮೇಲೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆ. ಆಗ ಪಟ್ಟಿ ತಾನಾಗಿಯೇ ಕಾಲಕ್ರಮದಲ್ಲಿ ಜೋಡಣೆಯಾಗುತ್ತದೆ.

ಸೀನುಗಳಿಗೆ ಬಣ್ಣದ ಹೆಸರಿಡಬೇಡ. ‘ನೀಲಿ 3’, ‘ಕೆಂಪು ಹೊಸದು’ ಎಂದು ಬರೆದಿಟ್ಟರೆ ನಡುರಾತ್ರಿ ಎರಡು ಗಂಟೆಗೆ ನಿನಗೇ ಗೊತ್ತಾಗದು. ರಂಗದ ಮೇಲೆ ನಡೆಯುವುದರ ಹೆಸರಿಡು: ಒಡ್ಡೋಲಗ, ಸಭೆ, ಶೃಂಗಾರ, ಕಾಡು, ಯುದ್ಧ, ಬಣ್ಣದ ವೇಷ, ಮಂಗಳ. ಬಟನ್ ಮೇಲೂ ಅದನ್ನೇ ಕನ್ನಡದಲ್ಲಿ ದೊಡ್ಡದಾಗಿ ಬರೆ. ನಾಳೆ ನಿನಗೆ ಜ್ವರ ಬಂದು ಇನ್ನೊಬ್ಬ ಹುಡುಗ ಕೂತರೂ ಓದಿ ಒತ್ತುವಂತಿರಬೇಕು. ಆ ಫೈಲು ನಿನ್ನ ಬೆವರು ಹೌದು. ಆದರೆ ಆಟ ಮೇಳದ್ದು, ಹರಕೆ ಹೊತ್ತ ಮನೆಯವರದ್ದು. ನಿನ್ನೊಬ್ಬನಿಗೇ ಅರ್ಥವಾಗುವ ಫೈಲು ಒಳ್ಳೆಯ ಫೈಲಲ್ಲ.

ಈ ಬಟನ್‌ಗಳನ್ನೆಲ್ಲ ಸೋಲೋ ಫ್ರೇಮಿನೊಳಗೆ ಇಡು. ಅದರೊಳಗೆ ಒಂದನ್ನು ಒತ್ತಿದರೆ ಮೊದಲಿನದು ತಾನಾಗಿ ಆರುತ್ತದೆ. ಸಾಧಾರಣ ಫ್ರೇಮಿನಲ್ಲಿಟ್ಟರೆ ಎರಡು ಸೀನು ಒಂದರ ಮೇಲೊಂದು ಕೂತು, ಯಾವ ಸೀನಿನಲ್ಲಿ ಬೆಳಕು ಹೆಚ್ಚಿದೆಯೋ ಅದೇ ಗೆಲ್ಲುತ್ತದೆ. ಕತ್ತಲೆ ಬೇಕಾದಲ್ಲಿ ಕತ್ತಲೆಯೇ ಸಿಗದು. ಪ್ರತಿ ಸೀನಿಗೂ ಎರಡು ಮೂರು ಸೆಕೆಂಡಿನ ಏರಿಳಿತ ಕೊಡು, ಯುದ್ಧದ ಪದ್ಯಕ್ಕೆ ಮಾತ್ರ ಬೇಗ. ತೆರೆ ಕುಣಿತ ನಡೆಯುವಾಗ ಬೆಳಕು ಬದಲಾಗುತ್ತಲೇ ಇರಬಾರದು. ವೇಷ ಅರ್ಧ ಕಂಡು ಅರ್ಧ ಅಡಗುವುದು ತೆರೆಯಿಂದಲೇ ಆಗುವಂಥದ್ದು, ಅದನ್ನು ಅದರ ಪಾಡಿಗೆ ಬಿಡು. ಆಟ ಶುರುವಾದ ಮೇಲೆ ಆಪರೇಟ್ ಮೋಡಿಗೆ ಹೋಗು, ಬೆಳಗಿನವರೆಗೆ ಡಿಸೈನ್ ಮೋಡಿಗೆ ಬರಬೇಡ. ಏನಾದರೂ ಸರಿಯಿಲ್ಲ ಎನ್ನಿಸಿದರೆ ಚೀಟಿಯಲ್ಲಿ ಬರೆದಿಡು, ತಿದ್ದುವುದು ಮರುದಿನ ಮಧ್ಯಾಹ್ನ.

ಇನ್ನು ಬಣ್ಣದ ಮಾತು. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನಗೆ ಹೆಚ್ಚು ನೋವಾಗುವುದು ಇಲ್ಲೇ.

ಬಡಗುತಿಟ್ಟಿನ ವೇಷ ಹುಟ್ಟಿದ್ದು ಎಣ್ಣೆಯ ದೊಂದಿಯ ಮುಂದೆ. ಆ ಉರಿಯ ಬೆಳಕು ಹೊಂಬಣ್ಣದ್ದು. ಅರದಾಳದ ಹಳದಿ, ಇಂಗಳೀಕದ ಕೆಂಪು, ಮರದ ಆಭರಣಕ್ಕೆ ಅಂಟಿಸಿದ ಬೇಗಡೆ, ಕೆಂಪು ಹಸಿರು ದಗಲೆ, ಚೌಕುಳಿಯ ಕಸೆ ಸೀರೆ ಎಲ್ಲವೂ ಆ ಬೆಳಕಿಗೆ ಮೈಕೊಟ್ಟು ಬೆಳೆದವು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು, ಹ್ಯಾಲೊಜನ್ ಬಂತು. ಹ್ಯಾಲೊಜನ್ ಇದ್ದಷ್ಟು ದಿನ ದೊಡ್ಡ ಹಾನಿ ಆಗಲಿಲ್ಲ, ಅದೂ ಬೆಚ್ಚಗಿನ ಬೆಳಕೇ, ಸುಮಾರು 3200 ಕೆಲ್ವಿನ್. ಎಲ್‌ಇಡಿ ಬಂದ ಮೇಲೆ ಅಪಾಯ ಶುರುವಾಯಿತು. ಅದರ ನೀಲಿಯಲ್ಲಿ ನೀಲಿ ಬಿಟ್ಟು ಬೇರೇನೂ ಇಲ್ಲ. ಕೆಂಪು ಬಣ್ಣ ನೀಲಿ ಬೆಳಕನ್ನು ನುಂಗುತ್ತದೆ, ತಿರುಗಿ ಕೊಡಲು ಅದರ ಹತ್ತಿರ ಏನೂ ಉಳಿಯುವುದಿಲ್ಲ, ಹಾಗಾಗಿ ಕಪ್ಪಗೆ ಕಾಣುತ್ತದೆ. ಹಸಿರು ದಗಲೆಯ ಮೇಲೆ ಕೆಂಪು ಬಿಟ್ಟರೂ ಅದೇ ಗತಿ.

ಗದಾಯುದ್ಧ ಪ್ರಸಂಗ ತೆಗೆದುಕೋ. ಕೌರವ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ನೀರು ಎಂದ ಕೂಡಲೇ ಹುಡುಗರು ಎಲ್ಲ ದೀಪವನ್ನೂ ನೀಲಿಗೆ ತಿರುಗಿಸಿಬಿಡುತ್ತಾರೆ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬರೆದುಕೊಂಡ ಮುಖವರ್ಣಿಕೆ ಒಂದು ಬಟನ್ನಿಗೆ ಮಸಿಯಾಗುತ್ತದೆ. ಆ ಹೊತ್ತಿನ ಕೌರವನ ಮುಖ ಕಾಣದಿದ್ದರೆ ಪ್ರಸಂಗದ ಜೀವವೇ ಹೋಯಿತು. ನೀಲಿ ಬೇಕಾದರೆ ಹಿಂದಿನ ಎರಡು ದೀಪಕ್ಕೆ ಮಾತ್ರ ಕೊಡು, ಅದೂ 255 ಅಲ್ಲ, 80, 90 ಸಾಕು. ಎದುರಿನದು ಬೆಚ್ಚಗಿನ ಬಿಳಿಯೇ ಇರಲಿ, ಅರ್ಧಕ್ಕೆ ಇಳಿಸು. ನನ್ನನ್ನು ಕೇಳಿದರೆ, ಎದುರಿನ ದೀಪಗಳು ಬಣ್ಣ ಬದಲಿಸುವ ಜಾತಿಯವೇ ಬೇಡ. 3000 ಕೆಲ್ವಿನ್ನಿನ ಬರೀ ಬಿಳಿ ದೀಪ ಹಾಕು. ಕೆಂಪು ಹಸಿರು ನೀಲಿ ಬೆರೆಸಿ ಮಾಡಿದ ಬಿಳಿಯಲ್ಲಿ ಮುಖದ ಹಳದಿ ಸತ್ತಂತೆ ಕಾಣುತ್ತದೆ. ಕೋಟದ ಶಿವರಾಮ ಕಾರಂತರು ವೇಷದ ಬಟ್ಟೆ ಬಣ್ಣಗಳು ಹಾಳಾಗುತ್ತಿವೆ ಎಂದು ಅಷ್ಟು ತಲೆಕೆಡಿಸಿಕೊಂಡ ನೆಲ ಇದು. ಅವರ ಊರಿನ ಆಟದಲ್ಲಿ ಬೆಳಕಿನಿಂದಲೇ ವೇಷ ಕೆಡಬಾರದು.

ಭಾಗವತರ ಮುಂದಿನ ದೀಪದ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು. ಅದನ್ನು ಡಿಎಂಎಕ್ಸಿಗೆ ಜೋಡಿಸಲೇ ಬೇಡ. ಬೇರೆ ಸ್ವಿಚ್, ಬೇರೆ ತಂತಿ, ಸಾದಾ ಹಳದಿ ಬಲ್ಬು. ನಿನ್ನ ಲ್ಯಾಪ್‌ಟಾಪ್ ನಿಂತರೂ ಅವರಿಗೆ ಪ್ರಸಂಗ ಪುಸ್ತಕ ಕಾಣುತ್ತಿರಬೇಕು, ಪದ್ಯ ನಿಲ್ಲಬಾರದು. ಎದುರಿನ ದೀಪಗಳನ್ನು ಕಟ್ಟುವಾಗಲೂ ಅವರ ಕಣ್ಣಿಗೆ, ಮದ್ದಳೆ ಚೆಂಡೆಯವರ ಕಣ್ಣಿಗೆ ನೇರ ಹೊಡೆಯದ ಹಾಗೆ ಓರೆಮಾಡು. ಅವರು ಮೇಳದಲ್ಲಿದ್ದಷ್ಟು ದಿನ ರಾತ್ರಿಯಿಡೀ ಅದೇ ಬೆಳಕಿಗೆ ಮುಖಮಾಡಿ ಕೂರಬೇಕಾದವರು.

ಕೋಟೇಶ್ವರದ ಕೊಡಿಹಬ್ಬಕ್ಕೋ ಊರಿನ ಜಾತ್ರೆಗೋ ಪಿಕ್ಸೆಲ್ ಪಟ್ಟಿಯ ಅಲಂಕಾರ ಸಿಕ್ಕಿದರೆ ಅದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಫೈಲು. ಅಲ್ಲಿ ಒಂದು ಪಿಕ್ಸೆಲಿಗೆ ಮೂರು ಚಾನೆಲ್, ಒಂದು ಯೂನಿವರ್ಸಿನಲ್ಲಿ, ಅಂದರೆ 512 ಚಾನೆಲಿನಲ್ಲಿ, 170 ಪಿಕ್ಸೆಲ್ ಹಿಡಿಯುತ್ತದೆ. ಓಡಲಿ, ಕುಣಿಯಲಿ, ಮಿನುಗಲಿ, ಜಾತ್ರೆಗೆ ಅದು ಚಂದ. ಆ ಫೈಲಿನ ಓಡುವ ಬೆಳಕಿನ ಚೇಸರುಗಳನ್ನು ಮಾತ್ರ ಆಟದ ಫೈಲಿಗೆ ತರಬೇಡ.

ಲ್ಯಾಪ್‌ಟಾಪಿಗೂ ಒಂದಿಷ್ಟು ಶಿಸ್ತು ಬೇಕು. ಆಟದ ಕೆಲಸಕ್ಕೆ ಅದೊಂದೇ ಮೀಸಲಿರಲಿ. ಸ್ಲೀಪ್ ಆಗದಂತೆ, ಯುಎಸ್‌ಬಿಯ ವಿದ್ಯುತ್ ಕಡಿತವಾಗದಂತೆ ಮಾಡಿಡು, ಅಪ್‌ಡೇಟನ್ನು ಮನೆಯಲ್ಲೇ ಮುಗಿಸು, ಆಟದ ಹೊತ್ತಿಗೆ ನೆಟ್ ಬೇಡ. ಮೆಸ್ಕಾಂ ಕರೆಂಟಿನಿಂದ ಜನರೇಟರಿಗೆ ಬದಲಾಗುವ ಆ ಕೆಲವು ಕ್ಷಣಕ್ಕಾಗಿ ಡಿಎಂಎಕ್ಸ್ ಡಬ್ಬಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಓಡುವಂಥದ್ದಾಗಿರಲಿ. ಕಡೆಯ ದೀಪದ ಔಟ್‌ಪುಟ್ಟಿಗೆ 120 ಓಮಿನ ಟರ್ಮಿನೇಟರ್ ಸಿಕ್ಕಿಸು. ದೀಪ ಸುಮ್ಮನೆ ಮಿಟುಕುತ್ತಿದ್ದರೆ ಅದರಿಂದಲೇ ಸರಿಹೋಗುವುದುಂಟು. ಗಂಗೊಳ್ಳಿ, ಮರವಂತೆ ಕಡೆಯ ಉಪ್ಪುಗಾಳಿಗೆ ಎಕ್ಸ್‌ಎಲ್‌ಆರ್ ಪಿನ್ನುಗಳು ಬಹಳ ಬೇಗ ಹಸಿರುಗಟ್ಟುತ್ತವೆ. ಆಗಾಗ ಒರೆಸು, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡು.

ಫೋಲ್ಡರಿನ ಪ್ರತಿ ಎರಡು ಪೆನ್‌ಡ್ರೈವಿನಲ್ಲಿರಲಿ, ಒಂದು ನಿನ್ನ ಹತ್ತಿರ, ಒಂದು ಮೇಳದ ಮ್ಯಾನೇಜರ ಹತ್ತಿರ. ಯಾವ ದೀಪಕ್ಕೆ ಯಾವ ಸಂಖ್ಯೆ, ಯಾವ ಮೋಡ್ ಎಂಬ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ದೀಪದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸು. ‘ನಾಳೆ ಕಾಂಬ’ ಎಂದು ಬಿಟ್ಟರೆ ಅದು ಮೇ ತಿಂಗಳವರೆಗೂ ಆಗುವುದಿಲ್ಲ.

ಕೊನೆಯದಾಗಿ ಇದೊಂದು ಮಾಡು. ತಿರುಗಾಟಕ್ಕೆ ಮುಂಚೆ ಒಂದು ಸಂಜೆ ಅಂಗಳದಲ್ಲಿ ದೀಪ ಕಟ್ಟಿ, ಒಬ್ಬ ಹಿರಿಯ ವೇಷಧಾರಿಯನ್ನು ಕೈಮುಗಿದು ಕರೆ. ಬಣ್ಣ ಹಚ್ಚಿ, ವೇಷ ಕಟ್ಟಿ ಅವರು ನಿಲ್ಲಲಿ. ಒಂದೊಂದೇ ಸೀನು ಹಾಕಿ ಮೊಬೈಲಿನಲ್ಲಿ ಚಿತ್ರ ತೆಗೆದು ಅವರಿಗೇ ತೋರಿಸು, ಮುಖ ಹೇಗೆ ಕಾಣುತ್ತಿದೆ ಎಂದು ಕೇಳು. ಅವರು ಬೇಡ ಅಂದ ಬೆಳಕನ್ನು ಆ ರಾತ್ರಿಯೇ ಫೈಲಿನಿಂದ ಅಳಿಸಿಬಿಡು.