ಕೆಲಸದವರಿಗೆ ಹೊಸ ಕೆಲಸ ಕಲಿಸೋದು ಹೇಗೆ? ದಾಳಿಂಬೆ ಸವರುವ ಕೆಲಸದ ಉದಾಹರಣೆ

ದಾಳಿಂಬೆ ತೋಟಕ್ಕೆ ದುಂಡಾಣು ಅಂಗಮಾರಿ ಬಂದರೆ ಏನಾಗುತ್ತದೆ ಅಂತ ಬೆಳೆದವರಿಗೆ ಹೇಳಬೇಕಾಗಿಲ್ಲ. ರೋಗದ ಗಿಡಕ್ಕೆ ಹಾಕಿದ ಕತ್ತರಿಯನ್ನು ಹಾಗೇ ಪಕ್ಕದ ಗಿಡಕ್ಕೆ ಹಾಕಿದರೆ ದುಂಡಾಣುವೂ ಜೊತೆಗೇ ಹೋಗುತ್ತದೆ. ಔಷಧಿ, ಗೊಬ್ಬರದ ಬಗ್ಗೆ ದಿನಾ ಫೋನ್ ಬರುತ್ತವೆ. ಕತ್ತರಿ ಹಿಡಿಯುವವರಿಗೆ ಕಲಿಸೋದು ಹೇಗೆ ಅಂತ ಕೇಳುವವರು ಕಡಿಮೆ. ಅದಕ್ಕೇ ಈ ವಾರ ಅದರ ಬಗ್ಗೆ ಬರೆಯುತ್ತಿದ್ದೇನೆ.

ನಾನು ಬಳಸುವ ಪದ್ಧತಿ ಕೃಷಿಯಲ್ಲಿ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವೇ ಇಲ್ಲದ ಜನ ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರಿಗೆ ಬೇಗ ಕೆಲಸ ಕಲಿಸಲು 1940ರಲ್ಲಿ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಅನ್ನೋ ಸರ್ಕಾರಿ ಕಾರ್ಯಕ್ರಮ ಶುರುವಾಯಿತು. ಕಲಿಯುವವರನ್ನು ಸಿದ್ಧ ಮಾಡೋದು, ಮಾಡಿ ತೋರಿಸೋದು, ಅವರಿಂದ ಮಾಡಿಸೋದು, ಆಮೇಲೆ ಹೋಗಿ ನೋಡೋದು. ಇಷ್ಟೇ ನಾಲ್ಕು ಹೆಜ್ಜೆ.

ಸಿದ್ಧ ಮಾಡೋದು ಅಂದರೆ ಭಾಷಣ ಅಲ್ಲ. “ಅಕ್ಕ, ಮಲ್ಲಿಗೆ ಗಿಡ ಸವರಿದ್ದೀರಾ?” ಅಂತ ಕೇಳಿ. ಸವರಿದ್ದರೆ ಅಲ್ಲಿಂದಲೇ ಶುರು ಮಾಡಿ. ವಯಸ್ಸಿನಲ್ಲಿ ದೊಡ್ಡವರಿಗೆ ಗೊತ್ತಿರೋದನ್ನು ಬದಿಗಿಟ್ಟು ಪಾಠ ಹೇಳಿದರೆ ಅವರು ಕೇಳಿಸಿಕೊಳ್ಳೋದಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ.

ತೋರಿಸುವಾಗ ಮೂರು ಸಲ ತೋರಿಸುತ್ತೇನೆ. ಮೊದಲು ಸುಮ್ಮನೆ ಮಾಡಿ ತೋರಿಸೋದು. ಎರಡನೇ ಸಲ ಮುಖ್ಯ ಅಂಶಗಳನ್ನು ಹೇಳುತ್ತಾ: ತುಂಡು ಉಳಿಯದಂತೆ ಕತ್ತರಿಸಬೇಕು, ಕಡ್ಡಿ ಗಿಡದ ಬುಡದಲ್ಲಿ ಬಿಡದೆ ಚೀಲಕ್ಕೆ ಹಾಕಬೇಕು, ಒಂದು ಗಿಡ ಮುಗಿದ ಕೂಡಲೇ ಕತ್ತರಿಯನ್ನು ಸೋಂಕು ನಿವಾರಕ ದ್ರಾವಣದಲ್ಲಿ ಅದ್ದಬೇಕು. (ಸಾವಯವ ಪ್ರಮಾಣಪತ್ರ ಇರುವವರು ಯಾವ ದ್ರಾವಣ ಬಳಸಬಹುದು ಅಂತ ಪ್ರಮಾಣೀಕರಣ ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ.) ಮೂರನೇ ಸಲ ಪ್ರತಿಯೊಂದಕ್ಕೂ ‘ಯಾಕೆ’ ಅನ್ನೋದನ್ನು ಸೇರಿಸಿ. ಕಾರಣ ಗೊತ್ತಿಲ್ಲದಿದ್ದರೆ, ಮಾಲೀಕ ಆ ಕಡೆ ಹೋದ ತಕ್ಷಣ ಅದ್ದುವ ಕೆಲಸ ನಿಂತುಹೋಗುತ್ತದೆ.

“ಅರ್ಥ ಆಯ್ತಾ?” ಅಂತ ಮಾತ್ರ ಕೇಳಬೇಡಿ. ಎಲ್ಲರೂ “ಹ್ಞೂ” ಅಂತಾರೆ. ಅದರ ಬದಲು “ಈಗ ನೀವು ಮಾಡುತ್ತಾ ನನಗೆ ಹೇಳಿಕೊಡಿ” ಅನ್ನಿ. ಕೈ ಸರಿಯಾಗಿ ಓಡಿ, ಬಾಯಲ್ಲಿ ಕಾರಣವೂ ಬಂದರೆ ಕಲಿತಿದ್ದಾರೆ ಅಂತ. ತಪ್ಪಿದ್ದರೆ ನಾಲ್ಕು ಜನರ ಮುಂದೆ ಹೇಳದೆ, ಗಿಡದ ಹತ್ತಿರ ಹೋಗಿ ಮೆಲ್ಲಗೆ ತಿದ್ದಿ. ಮೊದಲ ದಿನ ನಾಲ್ಕೈದು ಗಿಡಕ್ಕೊಮ್ಮೆ ನೋಡುತ್ತೇನೆ, ನಂತರ ಸಾಲಿಗೊಮ್ಮೆ. ಅನುಮಾನ ಬಂದರೆ ಯಾರನ್ನು ಕೇಳಬೇಕು ಅನ್ನೋದನ್ನೂ ಮೊದಲೇ ಹೇಳಿರಬೇಕು. ಓದು ಬಾರದವರಿಗಾಗಿ ಸರಿಯಾಗಿ ಕತ್ತರಿಸಿದ್ದು, ತಪ್ಪಾಗಿ ಕತ್ತರಿಸಿದ್ದು ಎರಡೂ ಒಣಕೊಂಬೆಗಳನ್ನು ಶೆಡ್ಡಿನಲ್ಲಿ ನೇತುಹಾಕಿದರೆ ಸಾಕು.

ಯಾವ ಕೊಂಬೆ ತೆಗೆಯಬೇಕು ಅನ್ನೋದು ಮಾತ್ರ ಹೀಗೆ ಬರೋದಿಲ್ಲ, ಅದು ತೀರ್ಮಾನದ ವಿಷಯ. ಅದಕ್ಕೆ 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಶುರುವಾದ ರೈತ ಕ್ಷೇತ್ರ ಪಾಠಶಾಲೆಯ ಕ್ರಮ ಒಳ್ಳೇದು: ಗುಂಪಾಗಿ ಗಿಡ ನೋಡೋದು, ಚರ್ಚೆ ಮಾಡೋದು, ಅವರೇ ನಿರ್ಧರಿಸೋದು. ಕತ್ತರಿ ಹಾಕುವ ಮೊದಲು ಒಂದೆರಡು ಗಿಡದ ಮುಂದೆ ಹೀಗೆ ನಿಂತು ಮಾತಾಡಿ.

ಇನ್ನು ಕೂಲಿ. ಕಲಿಯುವ ದಿನಗಳಲ್ಲಿ ಗಿಡಕ್ಕಿಷ್ಟು ಅಂತ ಗುತ್ತಿಗೆ ಕೊಡಬೇಡಿ, ದಿನಗೂಲಿ ಕೊಡಿ. ಗುತ್ತಿಗೆಯಲ್ಲಿ ಅವಸರ ಇರುತ್ತದೆ, ಮೊದಲು ಬಿಟ್ಟುಹೋಗೋದು ಆ ದ್ರಾವಣದ ಬಕೆಟ್ಟೇ. ಬಕೆಟ್ ಸಾಲಿನ ತುದಿಯಲ್ಲಿದ್ದರೂ ಅದೇ ಕಥೆ. ಸಣ್ಣ ಡಬ್ಬಿಯಲ್ಲಿ ದ್ರಾವಣ ಹಾಕಿ ಪ್ರತಿಯೊಬ್ಬರ ಕೈಗೂ ಒಂದೊಂದು ಕೊಟ್ಟುಬಿಡಿ.