ಮಣ್ಣುದಾರಿಯ ಸೈಕಲ್ ಸವಾರಿ

ಬೇಗಂಪೇಟೆಯಿಂದ ವಾಡಿಯ ಕಡೆಗೆ ಸಾಗುವ ರೈಲುಮಾರ್ಗ 1874ರಷ್ಟು ಹಳೆಯದು. ಊರಿಗೆ ಹೊರಟ ಕನ್ನಡಿಗರಲ್ಲಿ ಹೆಚ್ಚಿನವರು ನಡುವಣ ವಿಕಾರಾಬಾದನ್ನು ಕಿಟಕಿಯಿಂದಷ್ಟೇ ಕಂಡಿರುತ್ತಾರೆ. ಅದರ ಸಮೀಪದ ಅನಂತಗಿರಿ ಬೆಟ್ಟಗಳೇ ಮೂಸಿ ನದಿಯ ಉಗಮಸ್ಥಾನ. ಅಲ್ಲಿನ ಕೆಮ್ಮಣ್ಣಿನ ದಾರಿಗಳಲ್ಲಿ ಕಡಿದಲ್ಲದವನ್ನು ಆರಿಸಿಕೊಂಡರೆ, ವಾರವೆಲ್ಲ ಕುರ್ಚಿಗೆ ಅಂಟಿಕೊಂಡಿರುವ ನಡುವಯಸ್ಸಿನವರಿಗೂ ಸೈಕಲ್ ಸವಾರಿ ಸಾಧ್ಯ.

ಇದರಿಂದ ಮೊಣಕಾಲು ಸವೆಯುತ್ತದೆಂಬ ಅಂಜಿಕೆ ಹಲವರಲ್ಲಿದೆ. ದೇಹಭಾರದ ಬಹುಪಾಲನ್ನು ಆಸನವೇ ಹೊರುವುದರಿಂದ ಕೀಲುಗಳಿಗೆ ಓಟದಲ್ಲಿರುವಷ್ಟು ಆಘಾತವಿಲ್ಲ. ಅನೇಕ ವೇಳೆ ನೋವಿಗೆ ಕಾರಣ ತೀರ ತಗ್ಗಿಸಿದ ಆಸನ. ಪೆಡಲು ಕೆಳತುದಿಗೆ ಬಂದಾಗ ಮೊಣಕಾಲು ತುಸುವೇ ಮಡಿಸಿರಬೇಕು. ಏರು ಮೊದಲಾಗುವ ಮುನ್ನವೇ ಹಗುರವಾದ ಗೇರಿಗೆ ಬರಬೇಕು. ಹಲ್ಲುಕಚ್ಚಿ ತುಳಿಯುವುದು ಶೌರ್ಯವೇನೂ ಅಲ್ಲ. ಇಳಿಜಾರಿನಲ್ಲಿ ಮುಂದಿನ ಬ್ರೇಕೊಂದನ್ನೇ ಬಿಗಿಹಿಡಿದರೆ ಸವಾರ ಮುಂದಕ್ಕೆ ಮುಗ್ಗರಿಸುವ ಸಂಭವವುಂಟು. ಹೆಲ್ಮೆಟ್ ಕಡ್ಡಾಯ.

ಜೆರೆಮಿ ಮಾರಿಸರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರರಲ್ಲಿ ಹೃದ್ರೋಗ ಕಡಿಮೆಯಿತ್ತು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೊತೆಗಾರನೊಡನೆ ಮಾತನಾಡಲು ಬರುವಂತಿದ್ದು, ಹಾಡಲು ಉಸಿರು ಸಾಲದಿದ್ದರೆ ಅದೇ ಮಧ್ಯಮ ಶ್ರಮ.

ಹೃದ್ರೋಗವುಳ್ಳವರು ಮೊದಲು ವೈದ್ಯರನ್ನು ಕಾಣತಕ್ಕದ್ದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳ ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲೇಬೇಕು. ಕೈ ನಡುಗಿ, ತಣ್ಣನೆಯ ಬೆವರು ಒಡೆದರೆ, ಏರು ಇನ್ನು ನಾಲ್ಕೇ ಮಾರು ಉಳಿದಿದ್ದರೂ ಇಳಿದು ಕುಳಿತು ಅದನ್ನು ತಿನ್ನಬೇಕು.